ಕೈಮೇಲೆ ಬಿಟ್ಟುಕೊಳ್ಳಬೇಡಿ

ಮಡಿಕೇರಿಯ ಮನೆಯಲ್ಲಿ ಸಾಕಿರುವ ಮೆಕ್ಸಿಕನ್ ರೆಡ್ ನೀ ಟರಂಟುಲಾ ಎಂಬ ದೊಡ್ಡ ರೋಮದ ಜೇಡವನ್ನು ದಿನವೂ ಕೈಗೆತ್ತಿಕೊಂಡರೆ ಪಳಗುತ್ತದೆಯೇ, ಮಗಳ ಅಂಗೈ ಮೇಲೆ ಬಿಡಬಹುದೇ ಎಂದು ಕೇಳಿದ್ದೀರಿ. ಬಿಡಬೇಡಿ. ಅದು ನಾಯಿಯಂತೆ ಒಡೆಯನನ್ನು ಗುರುತಿಸುವುದಿಲ್ಲ. ನಿಮ್ಮ ಅಂಗೈ ಅದಕ್ಕೆ ಬೆಚ್ಚಗಿನ ನೆಲ, ಅಷ್ಟೇ.

ಕಡಿತಕ್ಕಿಂತ ಬೀಳುವ ಭಯ ದೊಡ್ಡದು. ಜೇಡದ ಹೊಟ್ಟೆಯ ಹೊರಪದರ ತೀರ ತೆಳು. ಮಗಳು ಬೆಚ್ಚಿ ಕೈ ಕೊಡವಿದರೆ, ಸೊಂಟದೆತ್ತರದಿಂದ ರೆಡ್ ಆಕ್ಸೈಡ್ ನೆಲಕ್ಕೆ ಬಿದ್ದರೂ ಹೊಟ್ಟೆ ಒಡೆದು ಸಾಯಬಹುದು. ಪೊರೆ ಬಿಟ್ಟ ಹೊಸತರಲ್ಲಂತೂ ಮೈಯೆಲ್ಲ ಮೆತ್ತಗಿರುತ್ತದೆ. ಇನ್ನು ರೋಮ: ಕೆರಳಿದಾಗ ಹಿಂಗಾಲುಗಳಿಂದ ಹೊಟ್ಟೆಯ ರೋಮ ಕೆರೆದು ಗಾಳಿಗೆ ತೂರುತ್ತದೆ. ಚರ್ಮಕ್ಕೆ ತಗುಲಿದರೆ ತುರಿಕೆ, ಕಣ್ಣಿಗೆ ಹೋದರೆ ನೇರ ಕಣ್ಣಿನ ವೈದ್ಯರ ಬಳಿ.

(ತೋಟದ ಮರದ ಪೊಟರೆಯಲ್ಲಿ ನಮ್ಮ ಘಟ್ಟದ ಟರಂಟುಲಾ ಕಂಡರೆ ಅದನ್ನೂ ಮುಟ್ಟಬೇಡಿ. ಅದಕ್ಕೆ ಅಂಥ ರೋಮವಿಲ್ಲ, ಆದರೆ ಓಟ ಬಲು ಚುರುಕು. ಕಚ್ಚಿದರೆ ಸ್ನಾಯುಸೆಳೆತ ದಿನಗಟ್ಟಲೆ ಕಾಡಬಹುದು.)

ಗೂಡು ಶುಚಿ ಮಾಡುವಾಗ ಡಬ್ಬಿಯೊಂದನ್ನು ಎದುರಿಗೆ ಹಿಡಿದು, ಮೆತ್ತನೆಯ ಕುಂಚದಿಂದ ಮೆಲ್ಲಗೆ ಒಳಕ್ಕೆ ಸರಿಸಿ. ಕೊಡಗಿನಲ್ಲಿ ನಿಜವಾದ ತಲೆನೋವು ಮಳೆಗಾಲ. ಗೂಡಿನ ಮಣ್ಣು ಬೂಷ್ಟು ಹಿಡಿಯದಂತೆ ಗಾಳಿಯಾಡಲು ಬಿಡಿ. ಈ ಮೆಕ್ಸಿಕನ್ ಜೇಡ ಸೈಟಿಸ್ (ಅಳಿವಿನ ಭೀತಿಯ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದೆ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಿರದಿದ್ದರೆ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.