ಚಿಕ್ಕಮಗಳೂರಿನ ಮನೆಗೆ ನೀಲಿ-ಬೂದು ಬಣ್ಣ ಹೊಡೆಸಬಹುದೇ?

ಹೊಡೆಸಬಹುದು, ಆದರೆ ಎಲ್ಲ ಕೋಣೆಗೂ ಬೇಡ. ಹಾಲ್‌ಗೂ ಉತ್ತರದ ಮಲಗುವ ಕೋಣೆಗೂ ಒಂದೇ ನೀಲಿ-ಬೂದು ಹೊಂದುತ್ತದಾ, ಮಳೆಗಾಲದಲ್ಲಿ ಮಂಕಾಗುತ್ತದಾ ಎಂದು ಕೇಳಿದ್ದೀರಿ. ಇದೇ ಊರಿನಲ್ಲಿ ನಾನು ಎರಡು ಕೋಣೆಗೆ ಇದೇ ಬಣ್ಣ ಹೊಡೆಸಿದ್ದೆ. ಒಂದು ಇವತ್ತಿಗೂ ಮನೆಯಲ್ಲಿ ನನಗೆ ತೀರಾ ಇಷ್ಟವಾದ ಜಾಗ. ಇನ್ನೊಂದಕ್ಕೆ ಮರುವರ್ಷವೇ ಬೇರೆ ಬಣ್ಣ ಹೊಡೆಸಬೇಕಾಯಿತು.

ಕೆಟ್ಟಿದ್ದು ಉತ್ತರದ ಕೋಣೆ. ಮಾರ್ಚ್‌ನಲ್ಲಿ ಬಲು ಚೆನ್ನಾಗಿ ಕಂಡಿತ್ತು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಗೋಡೆ ಸ್ಲೇಟಿನ ಹಾಗಾಯಿತು, ಬೆಳಿಗ್ಗೆ ಹತ್ತು ಗಂಟೆಗೂ ಲೈಟ್ ಹಾಕಬೇಕು. ಅಮ್ಮ ಒಂದು ದಿನ ಹಾಸಿಗೆ ಮಡಿಸುತ್ತಾ, "ಹೊರಗಿನ ಮೋಡ ಒಳಗೂ ಬಂದು ಕೂತ ಹಾಗಿದೆ ಕಣೋ" ಅಂದರು. ಆ ಮಾತು ಮನಸ್ಸಿಗೆ ನಾಟಿತು.

ನಮ್ಮೂರಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ವಾಲುವುದು ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಾತ್ರ. ಅದರಲ್ಲಿ ಹೆಚ್ಚಿನ ದಿನ ಮೋಡವೇ. ಉಳಿದ ತಿಂಗಳು ಉತ್ತರದ ಕಿಟಕಿಗೆ ಬೀಳುವುದು ಬರೀ ಆಕಾಶದ ತಣ್ಣನೆಯ ಬೆಳಕು. ಅದು ನೀಲಿ-ಬೂದನ್ನು ಇನ್ನೂ ತಣ್ಣಗೆ ಮಾಡುತ್ತದೆ. ಆ ಕೋಣೆಗೆ ಕೆನೆ ಬಣ್ಣ ಹೊಡೆಸಿ. ನೀಲಿ-ಬೂದು ಬೇಕೇ ಬೇಕೆಂದರೆ ಕಿಟಕಿಗೆ ಎದುರಿನ ಒಂದೇ ಗೋಡೆಗೆ ಸಾಕು, ಬೆಳಕು ನೇರ ಬೀಳುವುದು ಅಲ್ಲಿಗೇ. ಕಿಟಕಿ ಇರುವ ಗೋಡೆಗೆ ಮಾತ್ರ ಬೇಡ, ಅದು ಹಗಲೆಲ್ಲ ಕಪ್ಪಾಗಿಯೇ ಕಾಣುತ್ತದೆ.

ನಿಮ್ಮ ಹಾಲ್ ಪಶ್ಚಿಮಕ್ಕಿದೆ, ಕೆಂಪು ಗಾರೆ ನೆಲ, ಹಲಸಿನ ಮರದ ಬಾಗಿಲು ಎಂದಿದ್ದೀರಿ. ಅಲ್ಲಿಗೆ ಧೈರ್ಯವಾಗಿ ಹೊಡೆಸಿ. ನನಗೆ ಇಷ್ಟವಾದ ಕೋಣೆಯೂ ಅಂಥದ್ದೇ. ಸಂಜೆ ಐದರ ಬಿಸಿಲು ಬಾಗಿಲಿನ ಹಳದಿ ಮರದ ಮೇಲೆ ಬಿದ್ದಾಗ ಪಕ್ಕದ ಗೋಡೆ, ದೂರದಿಂದ ಕಾಣುವ ಮುಳ್ಳಯ್ಯನಗಿರಿ ಸಾಲಿನ ಬಣ್ಣಕ್ಕೆ ತಿರುಗುತ್ತದೆ. ಒಂದು ಎಚ್ಚರಿಕೆ: ಕೆಂಪು ನೆಲದ ಪಕ್ಕ ಬೂದು ಬಣ್ಣ ಸ್ವಲ್ಪ ಹಸಿರು-ನೀಲಿಯಾಗಿ ಕಾಣುತ್ತದೆ. ಹಾಗಾಗಿ ಶೇಡ್ ಕಾರ್ಡಿನಲ್ಲಿ ಮನಸ್ಸಿಗೆ ಬಂದದ್ದಕ್ಕಿಂತ ನೀಲಿ ಕಡಿಮೆ ಇರುವುದನ್ನೇ ಆರಿಸಿ. ಚಾವಣಿಗೆ ಅಚ್ಚ ಬಿಳಿ ಬೇಡ, ಕೆನೆ ಬೆರೆತ ಬಿಳಿ ಇರಲಿ.

ಶೇಡ್ ಕಾರ್ಡಿನ ಅಂಗೈಯಗಲದ ಚೂರು ನಂಬಬೇಡಿ. ಚಿಕ್ಕ ಸ್ಯಾಂಪಲ್ ಡಬ್ಬಿ ತಂದು ಎರಡಡಿ ಉದ್ದಗಲದ ಹಲಗೆಗೆ ಪ್ರೈಮರ್ ಹಚ್ಚಿ, ಮೇಲೆ ಎರಡು ಕೋಟ್ ಹೊಡೆಯಿರಿ. ಎಮಲ್ಷನ್ (ನೀರು ಬೆರೆಸಿ ಹೊಡೆಯುವ ಗೋಡೆ ಬಣ್ಣ) ಒಣಗಿದ ಮೇಲೆ ಹಸಿಯಿದ್ದಾಗಿನದಕ್ಕಿಂತ ಸ್ವಲ್ಪ ಗಾಢವಾಗುತ್ತದೆ, ಆದ್ದರಿಂದ ಮಾರನೇ ದಿನ ನೋಡಿ. ಹಲಗೆಯನ್ನು ಒಂದೊಂದೇ ಗೋಡೆಗೆ ಒರಗಿಸಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಬಲ್ಬಿನ ಬೆಳಕಿನಲ್ಲಿ ನೋಡಿ. ಆಗಲೇ ಬಲ್ಬೂ ತೀರ್ಮಾನವಾಗುತ್ತದೆ: 6500 ಕೆಲ್ವಿನ್‌ನ (ಬೆಳಕಿನ ಬಣ್ಣ ಹೇಳುವ ಅಳತೆ) ಬಿಳಿ ಬಲ್ಬಿಗೆ ಗೋಡೆ ಆಸ್ಪತ್ರೆಯ ನೀಲಿಯಾಗುತ್ತದೆ, 3000ದ ಹಳದಿ ಛಾಯೆಯ ಬಲ್ಬಿಗೆ ನೀಲಿ ಹಿಂದೆ ಸರಿದು ಮೆತ್ತಗಿನ ಬೂದು ಮುಂದೆ ಬರುತ್ತದೆ. ನಮ್ಮನೆಯಲ್ಲಿರುವುದು 3000ದ್ದು.

ಇನ್ನು ತೇವ. ಮಳೆ ನಿಂತ ಕೂಡಲೇ ಪೇಂಟರ್ ಕರೆಸಬೇಡಿ. ಗೋಡೆ ಒಳಗೆ ಹಸಿಯಿದ್ದರೆ ಪುಟ್ಟಿ ಉಬ್ಬುತ್ತದೆ, ಉಪ್ಪು ಒಡೆದ ಬಿಳಿ ಕಲೆ ಮತ್ತು ಬೂಷ್ಟು ಈ ಬಣ್ಣದ ಮೇಲೆ ಎದ್ದು ಕಾಣುತ್ತವೆ. ಜನವರಿವರೆಗೆ ಕಾಯಿರಿ. ಅಷ್ಟರಲ್ಲಿ ಹಲಗೆಯನ್ನು ಹಾಲ್‌ನಲ್ಲೇ ಇಟ್ಟುಕೊಂಡಿದ್ದರೆ ನಿಮಗೂ ಮನೆಯವರಿಗೂ ಕಣ್ಣಿಗೆ ರೂಢಿಯಾಗಿರುತ್ತದೆ.