ಎರಡು ಎಕರೆ ಭತ್ತ ಬೆಳೆಯುವವರಿಗೆ ರೈತ ತರಬೇತಿಯಿಂದ ಕೈಗೆ ಏನು ಉಳಿಯುತ್ತದೆ?

ನಿಮ್ಮ ಪ್ರಶ್ನೆ ಇಷ್ಟು: ಮಂಡ್ಯ ಕಡೆ ನಾಲೆ ನೀರಿನ ಎರಡು ಎಕರೆ ಗದ್ದೆ ಇದೆ, ತರಬೇತಿಗೆ ಹೆಸರು ಕೊಡಿ ಎನ್ನುತ್ತಿದ್ದಾರೆ, ಹೋದರೆ ಇಳುವರಿ ಮತ್ತು ಆದಾಯ ನಿಜಕ್ಕೂ ಹೆಚ್ಚುತ್ತದೆಯೇ? ಹೆಚ್ಚಬಹುದು. ಆದರೆ ಅದು ಏನು ಕಲಿಸುತ್ತಾರೆ, ಎಲ್ಲಿ ನಿಲ್ಲಿಸಿ ಕಲಿಸುತ್ತಾರೆ ಎನ್ನುವುದರ ಮೇಲೆ ಹೋಗುತ್ತದೆ.

ಟಾಂಜಾನಿಯಾದ ಇಲೊಂಗಾ ನೀರಾವರಿ ಪ್ರದೇಶದಲ್ಲಿ ಕೆಲವೇ ರೈತರಿಗೆ ತರಬೇತಿ ಕೊಟ್ಟು, ಅವರಿಂದ ಉಳಿದವರಿಗೆ ಕಲಿಸಿದರು. ಬದು ಕಟ್ಟುವುದು, ಗದ್ದೆ ಮಟ್ಟ ಮಾಡುವುದು, ಸಾಲು ನಾಟಿ, ಸುಧಾರಿತ ತಳಿ, ಗೊಬ್ಬರ, ಇಷ್ಟೇ ಪಾಠ. ಐದು ವರ್ಷದಲ್ಲಿ ಮೊದಲು ಕಲಿತವರ ಇಳುವರಿ ಹೆಕ್ಟೇರಿಗೆ 3.1 ಟನ್ನಿನಿಂದ 5.3 ಟನ್ನಿಗೆ ಏರಿತು. ನಮ್ಮ ಲೆಕ್ಕದಲ್ಲಿ ಎಕರೆಗೆ ಹನ್ನೆರಡೂವರೆ ಕ್ವಿಂಟಾಲ್ ಇದ್ದದ್ದು ಇಪ್ಪತ್ತೊಂದಾಯಿತು. ತರಬೇತಿ ಪಡೆಯದ ಸಾಮಾನ್ಯ ರೈತರೂ ತಡವಾಗಿ 3.7 ಟನ್ ಮುಟ್ಟಿದರು. ಅವರಲ್ಲೂ ಬೇಗ ಕಲಿತವರು ತರಬೇತಿ ಪಡೆದವರ ನೆಂಟರು, ಇಲ್ಲವೇ ಅಕ್ಕಪಕ್ಕದ ಮನೆಯವರು.

ಇಂಡೋನೇಷ್ಯಾದ ಕಥೆ ಬೇರೆ. 1986ರಲ್ಲಿ ಅಲ್ಲಿನ ಸರ್ಕಾರ ಭತ್ತಕ್ಕೆ 57 ಕೀಟನಾಶಕಗಳನ್ನು ನಿಷೇಧಿಸಿತು. 1989ರಿಂದ ರೈತ ಕ್ಷೇತ್ರ ಪಾಠಶಾಲೆಗಳು ಶುರುವಾದವು: ಸುಮಾರು 25 ಜನರ ಗುಂಪು, ವಾರಕ್ಕೊಂದು ದಿನ, ಒಂದು ಬೆಳೆ ಪೂರ್ತಿ, ಔಷಧಿ ಹೊಡೆಯುವ ಮುಂಚೆ ಹುಳು ಎಣಿಸಿ ನೋಡುವ ಪಾಠವೆಲ್ಲ ಗದ್ದೆಯಲ್ಲೇ. ಪಾಠ ಬಹಳ ಒಳ್ಳೆಯದು. ಆದರೂ 1991ರಿಂದ 1999ರವರೆಗಿನ ಮನೆವಾರು ಮಾಹಿತಿ ನೋಡಿದ ಅಧ್ಯಯನಕ್ಕೆ ಇಳುವರಿಯಲ್ಲಾಗಲಿ ಔಷಧಿ ಬಳಕೆಯಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಈ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ನನಗೆ ತೋಚುವುದು ಇದು. ಬದುವಿನ ಮೇಲೆ ನಿಂತವರ ಕಣ್ಣಿಗೆ ಬೀಳುವ ಕೆಲಸ ಊರಿಗೆಲ್ಲ ಹಬ್ಬುತ್ತದೆ. ಗದ್ದೆಗಿಳಿದು, ಬಗ್ಗಿ, ಎಣಿಸಿ ತಿಳಿಯಬೇಕಾದ್ದು ಹಬ್ಬುವುದಿಲ್ಲ. ಸಾಲು ನಾಟಿಯನ್ನು ಪಕ್ಕದ ಗದ್ದೆ ನೋಡಿಯೇ ಕಲಿಯಬಹುದು, ಅದಕ್ಕೆ ತರಬೇತಿಯೇ ಬೇಕೆಂದಿಲ್ಲ. ಎಣಿಕೆ ಕಲಿಯುವುದಕ್ಕೆ ಮಾತ್ರ ನೀವೇ ಹೋಗಬೇಕು. ಖರ್ಚು ಉಳಿಯುವುದೂ ಅದರಿಂದಲೇ.

ಪೈರಿನ ಬುಡದಲ್ಲಿ ಕೂತು ರಸ ಹೀರುವ ಕಂದು ಜಿಗಿಹುಳುವನ್ನೇ ತೆಗೆದುಕೊಳ್ಳಿ. ಗದ್ದೆಯ ಅಡ್ಡಡ್ಡ ನಡೆಯುತ್ತಾ ಹತ್ತಿಪ್ಪತ್ತು ಬುಡ ಆರಿಸಿ. ಪೈರನ್ನು ಒಂದು ಕಡೆ ಬಾಗಿಸಿ ಬುಡಕ್ಕೆ ಅಂಗೈಯಿಂದ ಮೂರು ಸಲ ತಟ್ಟಿ. ಹುಳು ನೀರಿಗೆ ಬಿದ್ದು ತೇಲುತ್ತದೆ, ಎಣಿಸಿ. ಆ ಹುಳು ತಿನ್ನುವ ಜೇಡಗಳನ್ನು ಬೇರೆಯಾಗಿ ಎಣಿಸಿ. ಬುಡಕ್ಕೆ 5ರಿಂದ 10 ಹುಳು ದಾಟುವವರೆಗೆ ಔಷಧಿ ಬೇಡ. ಅದಕ್ಕೂ ಮುಂಚೆ ನೀರು ಬಸಿದು ಮೂರ್ನಾಲ್ಕು ದಿನ ಗದ್ದೆ ಆರಗೊಡಿ. ನಾಟಿಯಾದ ಮೊದಲ ತಿಂಗಳಲ್ಲಿ ಎಲೆ ಸುರುಳಿ ಹುಳು ಕಂಡಿತೆಂದು ಸೈಪರ್‌ಮೆಥ್ರಿನ್‌ನಂಥ ಕೀಟನಾಶಕ ಹೊಡೆದರೆ ಜೇಡ ಸಾಯುತ್ತದೆ, ಮುಂದೆ ಜಿಗಿಹುಳು ಹೆಚ್ಚಿ ಗದ್ದೆಯನ್ನೇ ಸುಟ್ಟಂತೆ ಒಣಗಿಸುತ್ತದೆ. ಆ ವಯಸ್ಸಿನ ಪೈರು ಎಲೆ ಹರಿದರೂ ಚೇತರಿಸಿಕೊಳ್ಳುತ್ತದೆ. ಇದನ್ನು ಸಭಾಂಗಣದಲ್ಲಿ ಪರದೆ ಮೇಲೆ ತೋರಿಸಿದರೆ ಯಾರಿಗೂ ನಂಬಿಕೆ ಬರುವುದಿಲ್ಲ. ಬರಬೇಕು ಎನ್ನುವುದೂ ಸರಿಯಲ್ಲ.

ಗೊಬ್ಬರವೂ ಹಾಗೆಯೇ. ನಿಮ್ಮ ಭಾಗದ ನೀರಾವರಿ ಭತ್ತಕ್ಕೆ ಎಕರೆಗೆ 40 ಕೆ.ಜಿ. ಸಾರಜನಕ, 20 ರಂಜಕ, 20 ಪೊಟ್ಯಾಷ್ ಶಿಫಾರಸು. ಅಂದರೆ 50 ಕೆ.ಜಿ.ಯ ಒಂದು ಚೀಲ ಡಿಎಪಿ, 45 ಕೆ.ಜಿ.ಯ ಒಂದೂವರೆ ಚೀಲ ಯೂರಿಯಾ, 33 ಕೆ.ಜಿ. ಎಂಒಪಿ ಎಂಬ ಪೊಟ್ಯಾಷ್ ಗೊಬ್ಬರ. ಯೂರಿಯಾವನ್ನು ಸರಿಸುಮಾರು ಮೂರು ಸಮಪಾಲು ಮಾಡಿ ನಾಟಿಯಲ್ಲಿ, ಬುಡದಿಂದ ತೆಂಡೆ (ಕವಲು) ಒಡೆಯುವಾಗ, ಎಳೆತೆನೆ ಮೂಡುವಾಗ ಕೊಡಿ. ಕೊನೆಯದರ ಹೊತ್ತು ತಿಳಿಯಲು ದಪ್ಪ ತೆಂಡೆಯೊಂದನ್ನು ಕಿತ್ತು ಬುಡದಿಂದ ಉದ್ದಕ್ಕೆ ಸೀಳಿ: ಒಳಗೆ ಬಿಳಿ ತುಪ್ಪಳದಂಥ ಪುಟ್ಟ ತುದಿ ಕಂಡರೆ ಅದೇ ಸಮಯ. ಹೆಚ್ಚು ಯೂರಿಯಾ ಸುರಿದರೆ ಪೈರು ಕಡು ಹಸಿರಾಗಿ ಚೆಂದ ಕಾಣುತ್ತದೆ, ಆಮೇಲೆ ಬೆಂಕಿ ರೋಗ, ಜಿಗಿಹುಳು ಎರಡನ್ನೂ ಕರೆಯುತ್ತದೆ, ಪೈರು ಮಲಗುತ್ತದೆ.

ತರಬೇತಿಯಲ್ಲಿ ಎಳೆ ಸಸಿಯನ್ನು ದೂರ ದೂರ ನೆಡುವ ‘ಶ್ರೀ’ (SRI) ಪದ್ಧತಿ ಖಂಡಿತ ಹೇಳುತ್ತಾರೆ: ಎಕರೆಗೆ 25 ಕೆ.ಜಿ. ಬದಲು 2 ಕೆ.ಜಿ. ಬೀಜ, 8ರಿಂದ 12 ದಿನದ ಸಸಿ, 25 ಸೆಂ.ಮೀ. ಚೌಕದಲ್ಲಿ ಒಂದೊಂದೇ, ಹತ್ತು ದಿನಕ್ಕೊಮ್ಮೆ ಕೋನೋ ವೀಡರ್ ಎಂಬ ಕಳೆ ತೆಗೆಯುವ ಕೈಯಂತ್ರ. ಬೀಜದ ಉಳಿತಾಯ ನಿಜ. ಆದರೆ ನಾಲೆಯಲ್ಲಿ ಕಟ್ಟು ನೀರು ಪದ್ಧತಿ, ಅಂದರೆ ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವುದು, ಇದ್ದರೆ ನೀರು ಬರುವಷ್ಟರಲ್ಲಿ ಸಸಿಗೆ 25 ದಿನ ತುಂಬಿರುತ್ತದೆ. ಬಲಿತ ಸಸಿ ಒಂಟಿಯಾಗಿ ನೆಟ್ಟರೆ ತೆಂಡೆ ಕಡಿಮೆ. ಆಗ ಎರಡು ಮೂರು ಸಸಿ ಹಾಕಿ, ಅಂತರ ಕಿರಿದು ಮಾಡಿ. ಇನ್ನೊಂದು ತೊಡಕು: ತರಬೇತಿಗೆ ಹೋಗುವವರು ಗಂಡಸರು, ನಾಟಿ ಹಾಕುವವರು ಹೆಂಗಸರು. ಎಳೆ ಸಸಿಯನ್ನು ಮಣ್ಣುಸಮೇತ ಎತ್ತಿ, ಆಳಕ್ಕೆ ಒತ್ತದೆ ಇಡುವುದನ್ನು ಕೈಯಾರೆ ಮಾಡುವವರಿಗೆ ಯಾರೂ ತೋರಿಸಿರುವುದಿಲ್ಲ. ನಿಮ್ಮ ಮನೆಯಿಂದ ಇಬ್ಬರೂ ಹೋಗಿ.

ಇಳುವರಿ ಏರಿದ ಮಾತ್ರಕ್ಕೆ ಆದಾಯ ಏರದು. ಖರೀದಿ ಕೇಂದ್ರದಲ್ಲಿ ತೇವಾಂಶ ಶೇ. 17 ದಾಟಬಾರದು. ಶೇ. 20 ತೇವದ ನೂರು ಕೆ.ಜಿ. ಭತ್ತ ಶೇ. 14ಕ್ಕೆ ಒಣಗಿದರೆ 93 ಕೆ.ಜಿ. ಆಗುತ್ತದೆ. ವ್ಯಾಪಾರಿ ತೂಕ ಕಳೆಯುವಾಗ ಈ ಏಳು ಕೆ.ಜಿ. ಮೀರಿ ಕಳೆದರೆ ಕೇಳಿ. 2025-26ಕ್ಕೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಾಲಿಗೆ 2,369 ರೂಪಾಯಿ. ಅದು ಕೈಗೆ ಸಿಗಬೇಕಾದರೆ ನೋಂದಣಿ, ಒಣಗಿಸುವ ಕಣ, ಕೆಲವು ದಿನ ಕಾಯುವ ಶಕ್ತಿ ಮೂರೂ ಬೇಕು. ಈ ಭಾಗ ಬಿಟ್ಟ ತರಬೇತಿ ಅರ್ಧ ತರಬೇತಿ.

ಹೆಸರು ಕೊಡುವ ಮುಂಚೆ ಎರಡು ವಿಷಯ ಕೇಳಿಕೊಳ್ಳಿ: ನಾಟಿಯಿಂದ ಕೊಯ್ಲಿನವರೆಗೆ ಎಷ್ಟು ಸಲ ಗದ್ದೆಗೆ ಬರುತ್ತಾರೆ, ಯಾವ ರೈತರ ಗದ್ದೆಯಲ್ಲಿ ಕಲಿಸುತ್ತಾರೆ. ಮೊದಲ ವರ್ಷ ಹೊಸದನ್ನು ಹತ್ತು ಗುಂಟೆಯಲ್ಲಿ ಮಾತ್ರ ಮಾಡಿ. ಕೊಯ್ಲಿನ ದಿನ ಹೊಸ ಪದ್ಧತಿಯದು, ಹಳೆಯದು ಎರಡರ ನಡುಮಧ್ಯೆಯೂ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕ ಕಟ್ಟಿ, ಬೇರೆ ಬೇರೆ ಕೊಯ್ದು ಬಡಿದು ಒಣಗಿಸಿ ತೂಗಿ. ಬಂದ ಕೆ.ಜಿ.ಯನ್ನು 162ರಿಂದ ಗುಣಿಸಿದರೆ ಎಕರೆ ಇಳುವರಿ: 13 ಕೆ.ಜಿ. ಬಂದರೆ 21 ಕ್ವಿಂಟಾಲ್. ಅದರ ಎದುರಿಗೆ ಬೀಜ, ಗೊಬ್ಬರ, ಔಷಧಿ, ಆಳು ಖರ್ಚು ಬರೆದಿಟ್ಟುಕೊಳ್ಳಿ, ಮನೆಯವರ ದುಡಿಮೆಯನ್ನೂ ಕೂಲಿ ಹಿಡಿದು ಸೇರಿಸಿ.