ಪಿಯುಸಿ ಫಿಸಿಕ್ಸ್‌ನಲ್ಲಿ 38 ಬಂದಿದೆ, ಇಂಜಿನಿಯರಿಂಗ್ ಸೀಟು ಸಿಗುತ್ತದೆಯೇ?

ಸಿಗಬಹುದು. ಒಂದೇ ವಿಷಯ ನೋಡಿ ಎದೆಗುಂದಬೇಡಿ. ಅರ್ಹತೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರನ್ನೂ ಕೂಡಿಸಿ ನೋಡುತ್ತಾರೆ. ಉಳಿದೆರಡರಲ್ಲಿ 52, 51 ಎಂದು ಬರೆದಿದ್ದೀರಿ. ಒಟ್ಟು 141, ಅಂದರೆ ಶೇ 47. ಸಾಮಾನ್ಯ ವರ್ಗಕ್ಕೆ ಶೇ 45 ಸಾಕು, ಮೀಸಲಾತಿ ಇದ್ದರೆ ಶೇ 40.

ತೊಂದರೆ ಇರುವುದು ರ‍್ಯಾಂಕ್‌ನಲ್ಲಿ. ರಾಜ್ಯದ ಪ್ರವೇಶ ಪರೀಕ್ಷೆಯಾದ ಸಿಇಟಿಯ ಇಂಜಿನಿಯರಿಂಗ್ ರ‍್ಯಾಂಕ್‌ಗೆ ಅರ್ಧ ತೂಕ ಪಿಯುಸಿ ಅಂಕದ್ದು, ಅರ್ಧ ಸಿಇಟಿಯದ್ದು. ಪಿಯುಸಿಯ 300ರಲ್ಲಿ 10 ಅಂಕ ಹೆಚ್ಚಿದರೆ ಸಿಇಟಿಯ 180ರಲ್ಲಿ 6 ಅಂಕ ಹೆಚ್ಚು ಬಂದಷ್ಟೇ ಲಾಭ. ಹಾಗಾಗಿ ಪಿಯುಸಿಯ ಎರಡನೇ ಅವಕಾಶವಾದ ಪರೀಕ್ಷೆ-2 ಬರೆಯಿರಿ. ಪಾಸಾದವರೂ ಬರೆಯಬಹುದು, ಅಂಕ ಇಳಿದರೂ ಹಳೆಯದೇ ಉಳಿಯುತ್ತದೆ. ಹೆಚ್ಚಿದ ಅಂಕವನ್ನು ರ‍್ಯಾಂಕ್‌ಗೆ ಸೇರಿಸುವ ಬಗ್ಗೆ ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಪ್ರಕಟಣೆಯನ್ನು ಗಮನಿಸುತ್ತಿರಿ.

ಇಷ್ಟು ಕಡಿಮೆ ನಿರೀಕ್ಷಿಸಿರಲಿಲ್ಲ ಅನ್ನಿಸಿದರೆ ಮೊದಲು ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ, ನಿಮ್ಮ ಲೆಕ್ಚರರ್‌ಗೆ ತೋರಿಸಿ. ಯಾವುದಾದರೂ ಉತ್ತರಕ್ಕೆ ಅಂಕವೇ ಹಾಕದಿದ್ದರೆ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿ. ಸುಮ್ಮನೆ ಆಸೆಗೆ ದುಡ್ಡು ಕಟ್ಟಬೇಡಿ.

ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಕಾಮೆಡ್‌ಕೆ ರ‍್ಯಾಂಕ್‌ಗೆ ಪಿಯುಸಿ ಅಂಕ ಸೇರುವುದಿಲ್ಲ, ಅದು ಅರ್ಹತೆಗೆ ಮಾತ್ರ. ಆದರೆ ಶುಲ್ಕ ಜಾಸ್ತಿ, ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಲಕ್ಷಗಟ್ಟಲೆ ಡೊನೇಷನ್ ಕೇಳುವ ಏಜೆಂಟರ ಫೋನ್ ಈ ವಾರವೇ ಬರಬಹುದು. ಕೌನ್ಸೆಲಿಂಗ್ ಎಲ್ಲ ಸುತ್ತು ಮುಗಿಯುವವರೆಗೂ ಯಾರಿಗೂ ಮುಂಗಡ ಕೊಡಬೇಡಿ.